ಕರೆಂಟು ಬಂದ ದಾರಿ: ಶರಾವತಿಯಿಂದ ಲ್ಯಾಪ್‌ಟಾಪಿನ ಚಾರ್ಜಿಂಗ್ ಪಿನ್ನಿನವರೆಗೆ



ಇತಿಹಾಸ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು, ಕೋಟೆಗಳು. ಆದರೆ ನಾವು ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳಿಗೂ ಒಂದು ಇತಿಹಾಸವಿದೆ. ಆ ಇತಿಹಾಸ ಗೊತ್ತಿಲ್ಲದಿದ್ದರೆ ಕೆಲವೊಮ್ಮೆ ನಷ್ಟವೂ ಆಗುತ್ತದೆ. ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು, ಇಂಜಿನಿಯರ್ ಅಲ್ಲ. ಆದರೂ ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ಚಾರ್ಜಿಂಗ್ ಪಿನ್ನಿನ ಬಗ್ಗೆ ಬರೆಯಲು ಹೊರಟಿದ್ದೇನೆ. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

2021ರ ಮಳೆಗಾಲ. ಆನ್‌ಲೈನ್ ತರಗತಿಗಳ ಕಾಲ. ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಂದಿಗೆ ಮನೆಗೆ ಬಂದಳು. ತಂದೆ ಬೈಕಿನಲ್ಲಿ ಮೀನು ಮಾರುವವರು. ಮಗಳ ಪದವಿ ಓದಿಗೆಂದು ಒಂದೊಂದೇ ನೋಟು ಕೂಡಿಸಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರು. ಅದು ಎರಡು ದಿನದಿಂದ ಚಾರ್ಜ್ ಆಗುತ್ತಿರಲಿಲ್ಲ. "ಮಾಸ್ಟ್ರೇ, ನೀವು ಸ್ವಲ್ಪ ನೋಡಿ" ಎಂದರು. ನಾನು ವೈರ್ ಚುಚ್ಚಿದೆ, ಬಟನ್ ಎರಡು ಸಲ ಒತ್ತಿದೆ, ಪರದೆ ಕಪ್ಪಾಗಿಯೇ ಇತ್ತು. ತಿಳಿದವನ ಹಾಗೆ ಹೇಳಿದೆ: "ಬೋರ್ಡ್ ಹೋಗಿದೆ ಭಾಯ್, ಇನ್ನು ಇದಕ್ಕೆ ದುಡ್ಡು ಹಾಕಬೇಡಿ."

ಮೇಷ್ಟ್ರ ಮಾತು ಎಂದು ಅವರು ನಂಬಿದರು. ಲ್ಯಾಪ್‌ಟಾಪ್ ಬಟ್ಟೆ ಸುತ್ತಿಕೊಂಡು ಬೀರುವಿನ ಮೇಲೆ ಕುಳಿತಿತ್ತು. ಎಂಟು ತಿಂಗಳ ನಂತರ ಅವರ ಸಂಬಂಧಿಕ ಹುಡುಗನೊಬ್ಬ ಅದನ್ನು ಸಾಗರಕ್ಕೆ ಒಯ್ದು, ರಿಪೇರಿ ಮಾಡುವವರಿಂದ ಬಿಚ್ಚಿಸಿ ನೋಡಿಸಿದ. ಬೋರ್ಡಿಗೆ ಏನೂ ಆಗಿರಲಿಲ್ಲ. ಚಾರ್ಜಿಂಗ್ ಜ್ಯಾಕಿನ ಒಂದು ಸಣ್ಣ ವೈರ್ ತುಂಡಾಗಿತ್ತು. ನಾಲ್ಕು ನೂರು ರೂಪಾಯಿ, ಅರ್ಧ ಗಂಟೆಯ ಕೆಲಸ. ಆದರೆ ಖಾಲಿಯಾಗಿ ಎಂಟು ತಿಂಗಳು ಬಿದ್ದಿದ್ದ ಬ್ಯಾಟರಿ ಮಾತ್ರ ಮತ್ತೆ ಏಳಲಿಲ್ಲ. ಅಷ್ಟು ದಿನ ಆ ಹುಡುಗಿ ತನ್ನ ಪಾಠ, ಅಸೈನ್‌ಮೆಂಟ್ ಎಲ್ಲವನ್ನೂ ಅಬ್ಬಾ ರಾತ್ರಿ ಮನೆಗೆ ಬಂದ ಮೇಲೆ ಅವರ ಮೊಬೈಲಿನಲ್ಲಿ ಮಾಡಿದ್ದಳು. ಮುಂದೆ ಸಿಕ್ಕಾಗ ಬೇಸರವಿಲ್ಲದೆ ಹೇಳಿದಳು: "ಪಿನ್ನು ಅಷ್ಟೇ ಆಗಿತ್ತು ಸರ್."

ಆ ಮಾತು ನನ್ನನ್ನು ಬಿಡಲಿಲ್ಲ. ಕರೆಂಟು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ಅಂದಿನಿಂದ ಓದಿ, ಕೇಳಿ, ಕೈಯಾರೆ ನೋಡಿ ತಿಳಿದುಕೊಂಡೆ. ಅದನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಮೂರು ತಾಲ್ಲೂಕು, ಒಂದು ನದಿ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತದೆ. ಹೊಸನಗರ ತಾಲ್ಲೂಕಿನಲ್ಲಿ ಹರಿದು, ಸಾಗರ ತಾಲ್ಲೂಕಿನ ಜೋಗದಲ್ಲಿ ಸುಮಾರು 830 ಅಡಿ ಕೆಳಗೆ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ನಾವು ನೀವು ಓಡಾಡುವ ಈ ಮೂರು ತಾಲ್ಲೂಕುಗಳನ್ನು ಪೋಣಿಸಿದ ದಾರ ಈ ನದಿ.

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಕಥೆ ಕಾವೇರಿಯಿಂದ ಆರಂಭವಾಗುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ಶರಾವತಿಯ ಸರದಿ ಬಂದದ್ದು ನಂತರ. 1939ರಲ್ಲಿ ಜೋಗದ ಯೋಜನೆಯ ಕೆಲಸ ಆರಂಭವಾಗಿ, ಹಿರೇಭಾಸ್ಕರ ಅಣೆಕಟ್ಟು ಎದ್ದು ನಿಂತು, 1948ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಆ ಕೇಂದ್ರಕ್ಕೆ ಮರುವರ್ಷ ಮಹಾತ್ಮ ಗಾಂಧಿಯವರ ಹೆಸರಿಡಲಾಯಿತು. ಅದರ ಸಾಮರ್ಥ್ಯ 139.2 ಮೆಗಾವಾಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಶರಾವತಿ ವಿದ್ಯುದಾಗಾರ ಹಂತಹಂತವಾಗಿ ಬೆಳೆದು 1035 ಮೆಗಾವಾಟ್ ಮುಟ್ಟಿತು. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರು ಘಟ್ಟದ ಕೆಳಗೆ ವಾರಾಹಿಯ ಭೂಗರ್ಭ ವಿದ್ಯುದಾಗಾರವನ್ನು ತಿರುಗಿಸುತ್ತದೆ.

ಇಲ್ಲಿ ಒಂದು ಕಹಿ ಸತ್ಯವನ್ನು ಮರೆಯಬಾರದು. ನಾಡಿಗೆಲ್ಲ ಬೆಳಕು ಕೊಡಲು ನಮ್ಮ ಭಾಗದ ಊರುಗಳು ಮುಳುಗಿದವು. ಹೊಸನಗರ ಮತ್ತು ಸಾಗರ ತಾಲ್ಲೂಕಿನ ಸಾವಿರಾರು ಜನ ಗದ್ದೆ, ತೋಟ, ಮನೆ ಬಿಟ್ಟು ಹೊರಟರು. ಹೀಗೆ ಮನೆ ಕಳೆದುಕೊಂಡವರಲ್ಲಿ ಎಷ್ಟೋ ಕುಟುಂಬಗಳ ಹೊಸ ಮನೆಗೆ ದೀಪ ಬರಲು ದಶಕಗಳೇ ಬೇಕಾದವು. ಹಿನ್ನೀರಿನ ಆಚೆಯ ಕರೂರು, ಬಾರಂಗಿ ಹೋಬಳಿಗಳ ಜನ 2025ರಲ್ಲಿ ಸೇತುವೆ ಆಗುವವರೆಗೂ ಲಾಂಚಿನಲ್ಲೇ ಹೊಳೆ ದಾಟಿದರು. ಕರೆಂಟು ಹುಟ್ಟುವ ಜಾಗದಲ್ಲೇ ಚಿಮಣಿ ದೀಪದಲ್ಲಿ ಓದಿದ ಒಂದು ತಲೆಮಾರು ನಮ್ಮಲ್ಲಿದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಲಿಂಗನಮಕ್ಕಿಯನ್ನು ನೋಡಿದರೆ ಬ್ಯಾಟರಿ ಎಂದರೇನೆಂದು ಸುಲಭವಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬುತ್ತದೆ, ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತದೆ. ನೀರು ಬರುವ ದಾರಿ ಮುಚ್ಚಿದರೆ ತುಂಬುವುದಿಲ್ಲ, ಎಲ್ಲೋ ಗೇಟು ತೆರೆದೇ ಉಳಿದರೆ ರಾತ್ರಿಯಿಡೀ ಖಾಲಿಯಾಗುತ್ತದೆ. ಲ್ಯಾಪ್‌ಟಾಪಿನ ಎರಡು ದೊಡ್ಡ ರೋಗಗಳೂ ಇವೇ. ಒಂದು, ಚಾರ್ಜ್ ಒಳಗೆ ಹೋಗದಿರುವುದು. ಇನ್ನೊಂದು, ತುಂಬಿದ ಚಾರ್ಜ್ ಬೆಳಗಾಗುವುದರೊಳಗೆ ಮಾಯವಾಗುವುದು.

ಕೂಡಿಟ್ಟ ವಿದ್ಯುತ್ತಿನ ಕಥೆ

ಉರ್ದುವಿನಲ್ಲಿ 'ಬಿಜ್ಲಿ' ಎಂದರೆ ಮಿಂಚೂ ಹೌದು, ಕರೆಂಟೂ ಹೌದು. ಮಿಂಚನ್ನು ಹಿಡಿದಿಡಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿ, ನಿರಂತರವಾಗಿ ವಿದ್ಯುತ್ ಹರಿಯುವಂತೆ ಮಾಡಿದ. 'ವೋಲ್ಟ್' ಎಂಬ ಅಳತೆ ಅವನ ಹೆಸರಿನಿಂದಲೇ ಬಂದದ್ದು. ಆದರೆ ಅದು ಒಮ್ಮೆ ಖಾಲಿಯಾದರೆ ಮುಗಿಯಿತು. ಮತ್ತೆ ಮತ್ತೆ ತುಂಬಬಹುದಾದ ಬ್ಯಾಟರಿಯನ್ನು 1859ರಲ್ಲಿ ಕೊಟ್ಟವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಸೀಸ ಮತ್ತು ಆಮ್ಲದ ಆ ಬ್ಯಾಟರಿಯ ವಂಶಸ್ಥರೇ ಇಂದಿಗೂ ಬಸ್ಸು, ಲಾರಿಗಳಲ್ಲಿ ಇರುವುದು. ಮನೆಯ ಇನ್ವರ್ಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವಾಗ ನೀವು ಕಾಣುವುದೂ ಅದನ್ನೇ.

ನಮ್ಮ ಹಿರಿಯರಿಗೆ ಪರಿಚಯವಿದ್ದದ್ದು ಟಾರ್ಚು ಮತ್ತು ರೇಡಿಯೋದ ಸೆಲ್ಲು. 1866ರಲ್ಲಿ ಜಾರ್ಜ್ ಲೆಕ್ಲಾಂಶೆ ಮಾಡಿದ ಕೋಶದ ಒಣಗಿದ ರೂಪ ಅದು. ಸೆಲ್ಲು ವೀಕಾದರೆ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದುದು ಎಲ್ಲರಿಗೂ ನೆನಪಿರಬಹುದು. ಸೆಲ್ಲಿಗೆ ಅದು ಸ್ವಲ್ಪ ಹೊತ್ತು ಜೀವ ಕೊಡುತ್ತಿತ್ತು. ಲ್ಯಾಪ್‌ಟಾಪ್ ಬ್ಯಾಟರಿಯನ್ನು ಮಾತ್ರ ಎಂದೂ ಬಿಸಿಲಿಗಿಡಬೇಡಿ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಇದು ಬೇರೆ ಜಾತಿಯದು, ಶಾಖವೇ ಇದರ ಶತ್ರು.

1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಮಾಡಿದ. ಮೊದಮೊದಲ ಲ್ಯಾಪ್‌ಟಾಪುಗಳಲ್ಲಿ ಇದ್ದದ್ದು ಇದೇ. "ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಹಾಕು" ಎಂಬ ಮಾತನ್ನು ನೀವು ಕೇಳಿರಬಹುದು. ಅದು ಈ ಹಳೆಯ ಬ್ಯಾಟರಿಗೆ ಹೇಳಿದ ಬುದ್ಧಿಮಾತು. ಬ್ಯಾಟರಿ ಬದಲಾಯಿತು, ಮಾತು ಉಳಿದುಕೊಂಡಿತು.

ಇಂದಿನ ಲ್ಯಾಪ್‌ಟಾಪಿನಲ್ಲಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಇದು ಒಬ್ಬರ ಕೆಲಸವಲ್ಲ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಲಿಥಿಯಂ ಬಳಸಿ ದಾರಿ ತೋರಿಸಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಅದರ ಧನ ಧ್ರುವಕ್ಕೆ ಸರಿಯಾದ ವಸ್ತು ಕಂಡುಕೊಂಡರು. ಮೊರಾಕ್ಕೊ ದೇಶದ ಫೆಸ್ ನಗರದಲ್ಲಿ ಹುಟ್ಟಿದ ರಶೀದ್ ಯಾಝಮಿ, ಗ್ರಾಫೈಟ್ ಋಣ ಧ್ರುವವಾಗಬಲ್ಲದು ಎಂದು ಅದೇ ಕಾಲದಲ್ಲಿ ತೋರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಸುರಕ್ಷಿತ ಮಾದರಿ ತಯಾರಿಸಿದರು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು. 2014ರಲ್ಲಿ ಇಂಜಿನಿಯರಿಂಗ್ ಕ್ಷೇತ್ರದ ದೊಡ್ಡ ಗೌರವವಾದ ಡ್ರೇಪರ್ ಪ್ರಶಸ್ತಿ ಯಾಝಮಿಯವರಿಗೂ ಸಂದಿತು. 2019ರಲ್ಲಿ ವಿಟಿಂಗ್‌ಹ್ಯಾಮ್, ಗುಡ್‌ಇನಫ್ ಮತ್ತು ಯೊಶಿನೊ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರ ವಯಸ್ಸು 97. ಓದಿಗೆ ವಯಸ್ಸಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಚಾರ್ಜಿಂಗ್ ಪಿನ್ನಿನ ಕಥೆ

1981ರಲ್ಲಿ ಬಂದ 'ಆಸ್ಬರ್ನ್ 1' ಮಾರುಕಟ್ಟೆಯಲ್ಲಿ ಯಶಸ್ಸು ಕಂಡ ಮೊದಲ ಒಯ್ಯಬಹುದಾದ ಕಂಪ್ಯೂಟರ್. ತೂಕ ಸುಮಾರು 11 ಕಿಲೋ, ಒಳಗೆ ಬ್ಯಾಟರಿಯೇ ಇರಲಿಲ್ಲ. ಅದನ್ನು ತಂದ ಆಡಂ ಆಸ್ಬರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ, 2003ರಲ್ಲಿ ತೀರಿಕೊಂಡದ್ದು ಕೊಡೈಕನಾಲಿನಲ್ಲಿ. ಮುಂದೆ ಯಂತ್ರ ಚಿಕ್ಕದಾಯಿತು, ಬ್ಯಾಟರಿ ಒಳಗೆ ಬಂತು, ಅದನ್ನು ತುಂಬಲು ಒಂದು ತೂತು ಬೇಕಾಯಿತು. ದುಂಡನೆಯ ಆ ತೂತನ್ನೇ ನಾವು ಜ್ಯಾಕ್ ಎನ್ನುವುದು. ಒಂದೊಂದು ಕಂಪನಿಯದು ಒಂದೊಂದು ಅಳತೆ. ಒಬ್ಬರ ಚಾರ್ಜರ್ ಇನ್ನೊಬ್ಬರದಕ್ಕೆ ಹಿಡಿಸುತ್ತಿರಲಿಲ್ಲ, ಹಿಡಿಸಿದರೂ ವೋಲ್ಟೇಜ್ ಬೇರೆಯಾಗಿರುತ್ತಿತ್ತು.

ಈ ಗೊಂದಲಕ್ಕೆ ಉತ್ತರದ ಆರಂಭ 1996ರ ಯುಎಸ್‌ಬಿ. ಅದನ್ನು ರೂಪಿಸಿದ ತಂಡದಲ್ಲಿ ಮುಖ್ಯರಾದವರು ಬರೋಡಾದಲ್ಲಿ ಓದಿದ ಭಾರತೀಯ ಇಂಜಿನಿಯರ್ ಅಜಯ್ ಭಟ್. 2014ರಲ್ಲಿ ಬಂದ ಟೈಪ್-ಸಿ ಪಿನ್ನನ್ನು ಯಾವ ಕಡೆಯಿಂದಲೂ ಚುಚ್ಚಬಹುದು. ಅಷ್ಟು ಸಣ್ಣ ಬಾಯಿಯೊಳಗೆ 24 ಸಂಪರ್ಕಗಳಿವೆ. ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ. ಬಳಿಕ ಲ್ಯಾಪ್‌ಟಾಪ್ ತನಗೆ ಎಷ್ಟು ಬೇಕೆಂದು ಕೇಳಿದ ಮೇಲೆಯೇ 20 ವೋಲ್ಟಿನವರೆಗೆ ಏರುತ್ತದೆ. ಈ ಮಾತುಕತೆಯ ಸಂಪರ್ಕದಲ್ಲಿ ಧೂಳು ಕೂತರೆ ಅಥವಾ ತೇವದಿಂದ ಕಿಲುಬು ಹಿಡಿದರೆ, ಕರೆಂಟು ಬಾಗಿಲಲ್ಲೇ ನಿಲ್ಲುತ್ತದೆ. ಮೊಬೈಲಿನ ಸಣ್ಣ ಚಾರ್ಜರಿನಿಂದ ಎಷ್ಟೋ ಲ್ಯಾಪ್‌ಟಾಪ್ ಚಾರ್ಜ್ ಆಗದಿರುವುದಕ್ಕೂ ಇದೇ ಕಾರಣ. ಪಿನ್ ಒಂದೇ ಆದರೂ ಶಕ್ತಿ ಒಂದೇ ಅಲ್ಲ. ಯುರೋಪಿನ ದೇಶಗಳು ಮೊಬೈಲಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28ರಿಂದ ಟೈಪ್-ಸಿ ಕಡ್ಡಾಯವೆಂದು ಕಾನೂನು ಮಾಡಿದವು.

ಚಾರ್ಜ್ ಆಗದಿದ್ದರೆ: ಗೋಡೆಯಿಂದ ಒಳಗೆ ಬನ್ನಿ

ಓದುಗರೇ, ಅಂದು ನಾನು ಮಾಡಿದ ತಪ್ಪು ಇಷ್ಟೇ. ದಾರಿಯ ಕೊನೆಯಲ್ಲಿರುವ ಬೋರ್ಡನ್ನು ಮೊದಲೇ ದೂರಿದೆ. ಕರೆಂಟು ಬರುವ ದಾರಿಯಲ್ಲೇ ಹೆಜ್ಜೆ ಹೆಜ್ಜೆಯಾಗಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ನೀವು ಹೀಗೆ ಮಾಡಿ.

ಮೊದಲನೆಯದು, ಗೋಡೆಯ ಸಾಕೆಟ್. ಅದೇ ಸಾಕೆಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಹಾಕಿ.

ಎರಡನೆಯದು, ಗೋಡೆಯಿಂದ ಅಡಾಪ್ಟರಿಗೆ ಬರುವ ಮೂರು ತೂತಿನ ವೈರ್. ಇದು ಅಡಾಪ್ಟರಿನಲ್ಲಿ ಸಡಿಲವಾಗುವುದು ಬಹಳ ಸಾಮಾನ್ಯ. ಬಿಗಿಯಾಗಿ ಒತ್ತಿ ನೋಡಿ. ಬೇರೆ ವೈರ್ ಸಿಕ್ಕರೆ ಬದಲಿಸಿ ನೋಡಿ.

ಮೂರನೆಯದು, ಅಡಾಪ್ಟರ್. ದೀಪವಿದ್ದರೆ ಉರಿಯುತ್ತಿದೆಯೇ? ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ಆ ದೀಪ ಆರಿದರೆ ಒಳಗೆ ಎಲ್ಲೋ ಶಾರ್ಟ್ ಇರಬಹುದು. ಕೂಡಲೇ ತೆಗೆದು ರಿಪೇರಿಯವರಿಗೆ ಹೇಳಿ. ಬೇರೆಯವರ ಅಡಾಪ್ಟರ್ ಹಾಕುವ ಮುನ್ನ ಅದರ ಮೇಲಿನ ಬರಹ ಓದಿ. ದುಂಡು ಪಿನ್ನಿನದಾದರೆ ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬೇಕು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ. 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಸುಮಾರು 65 ವಾಟ್.

ನಾಲ್ಕನೆಯದು, ಪಿನ್ನಿನ ಬಾಯಿ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಬ್ಯಾಗಿನ ನೂಲು, ಧೂಳು ಇದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ, ಹೇರ್‌ಪಿನ್, ಕಬ್ಬಿಣದ ತಂತಿ ಹಾಕಬೇಡಿ. ಕಪ್ಪಾಗಿದ್ದರೆ, ಕರಗಿದ ಗುರುತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಐದನೆಯದು, ಅಲುಗಾಟದ ಪರೀಕ್ಷೆ. ವೈರನ್ನು ಒಂದು ಕಡೆ ಓರೆ ಮಾಡಿದಾಗ ಮಾತ್ರ ಚಾರ್ಜ್ ಆಗಿ, ಬಿಟ್ಟರೆ ನಿಂತರೆ, ತೊಂದರೆ ವೈರಿನ ತುದಿಯಲ್ಲೋ ಜ್ಯಾಕಿನಲ್ಲೋ ಇದೆ ಎಂದರ್ಥ. ಅನೇಕರು ಪುಸ್ತಕ ಒತ್ತಿಟ್ಟು, ರಬ್ಬರ್ ಬ್ಯಾಂಡ್ ಕಟ್ಟಿ ದಿನ ದೂಡುತ್ತಾರೆ. ಇದರಿಂದ ಬೆಸುಗೆ ಇನ್ನಷ್ಟು ಬಿಡುತ್ತದೆ, ಕಿಡಿ ಹಾರುತ್ತದೆ, ಕೊನೆಗೆ ಬೋರ್ಡೇ ಹಾಳಾಗಬಹುದು. ನಾಲ್ಕು ನೂರರ ಕೆಲಸ ಸಾವಿರಗಳಿಗೆ ಏರುವುದು ಹೀಗೆ.

ಆರನೆಯದು, ಉಳಿದ ಕರೆಂಟು ಹೊರಹಾಕುವುದು. ಚಾರ್ಜರ್ ತೆಗೆದು, ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮತ್ತೆ ಜೋಡಿಸಿ ಹಾಕಿ. ಕೆಲವೊಮ್ಮೆ ಇಷ್ಟಕ್ಕೇ ಸರಿಯಾಗುತ್ತದೆ.

ಇನ್ನೊಂದು ವಿಷಯ. ಚಾರ್ಜ್ 80 ಶೇಕಡಕ್ಕೆ ನಿಂತರೆ ಗಾಬರಿಯಾಗಬೇಡಿ. ಬ್ಯಾಟರಿಯ ಆಯುಸ್ಸು ಉಳಿಸಲು ಕೆಲವು ಕಂಪನಿಗಳು ಕೊಟ್ಟಿರುವ ವ್ಯವಸ್ಥೆ ಅದು, ಸೆಟ್ಟಿಂಗಿನಲ್ಲಿ ಬದಲಿಸಬಹುದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ರಿಪೇರಿಯವರ ಬಳಿ ಹೋಗಿ. ಹೋದಾಗ ಮೂರು ಪ್ರಶ್ನೆ ಕೇಳಿ. "ಅಡಾಪ್ಟರಿನಿಂದ ಸರಿಯಾದ ವೋಲ್ಟ್ ಬರುತ್ತಿದೆಯೇ? ಜ್ಯಾಕ್ ವೈರಿನ ಮೇಲಿದೆಯೋ ಬೋರ್ಡಿಗೆ ಬೆಸೆದಿದೆಯೋ? ಬ್ಯಾಟರಿ ಬಿಚ್ಚಿಟ್ಟು ನೋಡಿದಿರಾ?" ಹಲವು ಲ್ಯಾಪ್‌ಟಾಪುಗಳಲ್ಲಿ ಜ್ಯಾಕ್ ಒಂದು ಸಣ್ಣ ವೈರಿನ ತುದಿಯಲ್ಲಿರುತ್ತದೆ, ಬೋರ್ಡ್ ಮುಟ್ಟದೆ ಬದಲಿಸಬಹುದು. ಟೈಪ್-ಸಿ ಪಿನ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತದೆ, ಅದಕ್ಕೆ ನುರಿತ ಕೈ ಬೇಕು.

ರಾತ್ರಿ ಸೋರುವ ಚಾರ್ಜ್

ಈಗ ಎರಡನೇ ರೋಗ. ರಾತ್ರಿ ತುಂಬಿದ ಬ್ಯಾಟರಿ, ಬೆಳಿಗ್ಗೆ ತೆರೆದರೆ ಖಾಲಿ. ಪರೀಕ್ಷೆಯ ದಿನ, ಅರ್ಜಿಯ ಕೊನೆಯ ದಿನ ಹೀಗಾದರೆ ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಇದಕ್ಕೂ ಇತಿಹಾಸವಿದೆ. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ ಕಂಪ್ಯೂಟರಿನ ನಿದ್ರೆಗೆ ನಿಯಮ ಮಾಡಿದವು. 'ಸ್ಲೀಪ್' ಎಂದರೆ ನೆನಪಿನ ಭಾಗಕ್ಕೆ ಮಾತ್ರ ಸ್ವಲ್ಪ ಕರೆಂಟು ಕೊಟ್ಟು ಉಳಿದದ್ದನ್ನು ನಿಲ್ಲಿಸುವುದು. 'ಹೈಬರ್ನೇಟ್' ಎಂದರೆ ಎಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಪೂರ್ತಿ ನಿಲ್ಲುವುದು. ಮುಂದೆ ಮೊಬೈಲ್ ಬಂತು. ಮೊಬೈಲಿನಂತೆ ಲ್ಯಾಪ್‌ಟಾಪೂ ಥಟ್ಟನೆ ಏಳಬೇಕು, ಮಲಗಿದಾಗಲೂ ಸಂದೇಶ ಪಡೆಯಬೇಕು ಎಂಬ ಆಸೆಯಿಂದ 2012ರ ವಿಂಡೋಸ್ 8ರಲ್ಲಿ ಹೊಸ ಬಗೆಯ ನಿದ್ರೆ ಬಂತು. 2015ರ ವಿಂಡೋಸ್ 10ರಲ್ಲಿ ಅದಕ್ಕೆ 'ಮಾಡರ್ನ್ ಸ್ಟ್ಯಾಂಡ್‌ಬೈ' ಎಂಬ ಹೆಸರಾಯಿತು. ಇದು ಒಂದು ಕಣ್ಣು ತೆರೆದು ಮಲಗಿದ ಹಾಗೆ. ಇಂಟರ್‌ನೆಟ್, ಅಪ್‌ಡೇಟ್ ಅಥವಾ ಯಾವುದೋ ಪ್ರೋಗ್ರಾಂ ಅದನ್ನು ಎಬ್ಬಿಸುತ್ತಲೇ ಇದ್ದರೆ ಬ್ಯಾಟರಿ ಸೋರುತ್ತದೆ.

ಒಂದು ಲೆಕ್ಕ ಮಾಡೋಣ. ನಿಮ್ಮ ಬ್ಯಾಟರಿ 40 ವಾಟ್-ಅವರ್ ಎಂದಿಟ್ಟುಕೊಳ್ಳಿ. ಚೆನ್ನಾಗಿ ಮಲಗಿದ ಲ್ಯಾಪ್‌ಟಾಪ್ ಅರ್ಧ ವಾಟ್ ಬಳಸಿದರೆ ಎಂಟು ಗಂಟೆಯಲ್ಲಿ 4 ವಾಟ್-ಅವರ್, ಅಂದರೆ 10 ಶೇಕಡ ಖರ್ಚು. ಅರೆನಿದ್ರೆಯಲ್ಲಿ 2 ವಾಟ್ ಬಳಸಿದರೆ 16 ವಾಟ್-ಅವರ್, ಅಂದರೆ 40 ಶೇಕಡ ಖರ್ಚು. ಮುಚ್ಚಳ ಎರಡು ಸಲವೂ ಒಂದೇ ರೀತಿ ಮುಚ್ಚಿತ್ತು. ಒಳಗೆ ನಡೆದದ್ದು ಮಾತ್ರ ಬೇರೆ.

ಕಾರಣ ಹುಡುಕಲು ಎರಡು ರಾತ್ರಿ ಸಾಕು. ಮೊದಲ ರಾತ್ರಿ ಎಂದಿನಂತೆ ಮುಚ್ಚಳ ಮುಚ್ಚಿಡಿ. ಮಲಗುವಾಗ ಮತ್ತು ಎದ್ದಾಗ ಎಷ್ಟು ಶೇಕಡ ಇದೆ ಎಂದು ಬರೆದುಕೊಳ್ಳಿ. ಎರಡನೇ ರಾತ್ರಿ ಶಿಫ್ಟ್ ಕೀ ಒತ್ತಿ ಹಿಡಿದುಕೊಂಡು 'ಶಟ್‌ಡೌನ್' ಕ್ಲಿಕ್ ಮಾಡಿ. ವಿಂಡೋಸ್ 8ರಿಂದ ಈಚೆಗೆ 'ಫಾಸ್ಟ್ ಸ್ಟಾರ್ಟಪ್' ಇರುವುದರಿಂದ ಸಾಮಾನ್ಯ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ, ಶಿಫ್ಟ್ ಒತ್ತಿದರೆ ಪೂರ್ತಿ ಆಗುತ್ತದೆ. ಮೌಸ್, ಪೆನ್‌ಡ್ರೈವ್ ಎಲ್ಲ ತೆಗೆದಿಡಿ.

ಎರಡನೇ ರಾತ್ರಿ ಚಾರ್ಜ್ ಉಳಿದಿದ್ದರೆ ಬ್ಯಾಟರಿ ಸರಿ ಇದೆ, ನಿದ್ರೆಯ ಸೆಟ್ಟಿಂಗ್ ಸರಿಯಿಲ್ಲ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ 'ಹೈಬರ್ನೇಟ್' ಆಗುವಂತೆ ಬದಲಿಸಿ. ಎರಡನೇ ರಾತ್ರಿಯೂ ಬಹಳ ಇಳಿದಿದ್ದರೆ, ಆಫ್ ಆದಾಗಲೂ ಯುಎಸ್‌ಬಿಗೆ ಕರೆಂಟು ಕೊಡುವ ಸೆಟ್ಟಿಂಗ್ ಇದೆಯೇ ನೋಡಿ. ಅದೂ ಅಲ್ಲವಾದರೆ ಬ್ಯಾಟರಿಗೆ ವಯಸ್ಸಾಗಿರಬಹುದು ಅಥವಾ ಬೋರ್ಡಿನಲ್ಲಿ ಸೋರಿಕೆ ಇರಬಹುದು.

ಬ್ಯಾಟರಿಯ ವಯಸ್ಸನ್ನು ಲ್ಯಾಪ್‌ಟಾಪೇ ಹೇಳುತ್ತದೆ. ವಿಂಡೋಸಿನಲ್ಲಿ ಬ್ಯಾಟರಿ ರಿಪೋರ್ಟ್ ಎಂಬ ವರದಿ ತೆಗೆಯಬಹುದು, ನಿಮ್ಮ ಕಂಪ್ಯೂಟರ್ ಮೇಷ್ಟ್ರನ್ನು ಕೇಳಿದರೆ ಒಂದು ನಿಮಿಷದಲ್ಲಿ ತೋರಿಸುತ್ತಾರೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ' ಎಂದರೆ ಹುಟ್ಟಿದಾಗಿನ ಶಕ್ತಿ, 'ಫುಲ್ ಚಾರ್ಜ್ ಕೆಪಾಸಿಟಿ' ಎಂದರೆ ಈಗಿನ ಶಕ್ತಿ. ಮೊದಲನೆಯದು 42,000, ಎರಡನೆಯದು 25,200 ಇದ್ದರೆ ಉಳಿದಿರುವುದು 60 ಶೇಕಡ. ಹೊಸ ಬ್ಯಾಟರಿ ಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬಹುದು.

ನಮ್ಮ ಮಳೆಗಾಲಕ್ಕೆ ಕೆಲವು ಮಾತು

ಆಗುಂಬೆಯ ಮಳೆಯ ಬಗ್ಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಆ ತೇವ ಪಿನ್ನಿನ ಒಳಗೂ ಹೋಗುತ್ತದೆ. ಮಳೆಯಲ್ಲಿ ನೆನೆದು ಬಂದ ಬ್ಯಾಗಿನಿಂದ ತೆಗೆದ ಕೂಡಲೇ ಚಾರ್ಜಿಗೆ ಹಾಕಬೇಡಿ, ಫ್ಯಾನ್ ಗಾಳಿಯಲ್ಲಿ ಒಣಗಲು ಬಿಡಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಅಕ್ಕಿಯ ಪುಡಿ ಪಿನ್ನಿನೊಳಗೆ ಹೋಗುತ್ತದೆ ಅಷ್ಟೇ. ಗುಡುಗು ಸಿಡಿಲಿನ ಹೊತ್ತು ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಮರ ಬಿದ್ದು ಲೈನ್ ಹೋಗಿ, ಮತ್ತೆ ಬಂದಾಗ ವೋಲ್ಟೇಜ್ ಏರಿಳಿಯುವುದುಂಟು. ಐದು ನಿಮಿಷ ಕಾದು ಹಾಕಿ.

ಎರಡು ಮೂರು ದಿನ ಕರೆಂಟಿಲ್ಲದ ಊರುಗಳಿವೆ. ಅಲ್ಲಿನವರು ಸೋಲಾರ್ ಇಟ್ಟುಕೊಂಡಿದ್ದಾರೆ, ಕೆಲವರು ತೋಟದ ಹಳ್ಳಕ್ಕೆ ಸಣ್ಣ ಟರ್ಬೈನ್ ಕೂಡಿಸಿದ್ದಾರೆ. ಒಂದು ಯೂನಿಟ್ ಎಂದರೆ 1000 ವಾಟ್-ಅವರ್. ಲೆಕ್ಕದ ಪ್ರಕಾರ 40 ವಾಟ್-ಅವರ್ ಬ್ಯಾಟರಿಯನ್ನು 25 ಸಲ ತುಂಬಲು ಒಂದು ಯೂನಿಟ್ ಸಾಕು, ನಷ್ಟ ಸೇರಿದರೆ ಸ್ವಲ್ಪ ಹೆಚ್ಚು. ಲ್ಯಾಪ್‌ಟಾಪ್ ಬಹಳ ಬೇಡುವ ವಸ್ತುವಲ್ಲ, ಹೊತ್ತಿಗೆ ಸರಿಯಾಗಿ ಕೊಡಬೇಕು ಅಷ್ಟೇ.

ಬ್ಯಾಟರಿಯನ್ನು ದಿನವೂ ಸೊನ್ನೆಗೆ ಇಳಿಸಬೇಡಿ. ಹಾಸಿಗೆ, ದಿಂಬಿನ ಮೇಲಿಟ್ಟು ಚಾರ್ಜ್ ಮಾಡಬೇಡಿ. ಬಹಳ ದಿನ ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ ಪೂರ್ತಿ ಆಫ್ ಮಾಡಿಡಿ, ಎರಡು ತಿಂಗಳಿಗೊಮ್ಮೆ ತೆಗೆದು ನೋಡಿ. ಖಾಲಿ ಬಿಟ್ಟರೆ ಒಳಗಿನ ವೋಲ್ಟೇಜ್ ತೀರ ಕೆಳಗಿಳಿದು, ರಕ್ಷಣೆಯ ಸರ್ಕ್ಯೂಟ್ ಮತ್ತೆ ಚಾರ್ಜ್ ಸ್ವೀಕರಿಸುವುದಿಲ್ಲ. ಬೀರುವಿನ ಮೇಲಿದ್ದ ಆ ಲ್ಯಾಪ್‌ಟಾಪಿಗೆ ಆದದ್ದು ಇದೇ. ಬ್ಯಾಟರಿ ಉಬ್ಬಿ ಕೀಬೋರ್ಡ್ ಅಥವಾ ತಳ ಎದ್ದಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಚಾರ್ಜ್ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ, ತಿಳಿದವರಿಗೆ ಕೊಡಿ. ಅದು ಬೆಂಕಿ ಹಿಡಿಯಬಲ್ಲದು.

ಕೊನೆಯದಾಗಿ

ಅಂಬುತೀರ್ಥದ ಹನಿಯಿಂದ ಹೊರಟು ಜೋಗದ ಟರ್ಬೈನ್, ಲೈನು, ಟ್ರಾನ್ಸ್‌ಫಾರ್ಮರ್ ದಾಟಿ, ನಿಮ್ಮ ಮನೆಯ ಗೋಡೆಯವರೆಗೆ ಕರೆಂಟು ಬರುತ್ತದೆ. ಅದಕ್ಕಾಗಿ ನಮ್ಮದೇ ನೆರೆಹೊರೆಯವರು ಊರು ಕಳೆದುಕೊಂಡಿದ್ದಾರೆ. ಅಷ್ಟು ದೂರ ಬಂದದ್ದು ಕೊನೆಯ ಅರ್ಧ ಇಂಚಿನಲ್ಲಿ ನಿಂತುಹೋದರೆ, ಅದನ್ನು ಹುಡುಕುವ ತಾಳ್ಮೆ ನಮಗಿರಬೇಕು.

ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಪ್ರತಿ ವರ್ಷ ನಾವು ಪುಸ್ತಕ ಹಂಚುತ್ತೇವೆ, ಶುಲ್ಕಕ್ಕೆ ನೆರವಾಗುತ್ತೇವೆ. ಅದರ ಜೊತೆಗೆ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ, ಈ ಕೆಲಸ ಬಲ್ಲ ನಮ್ಮ ಹುಡುಗರನ್ನು ಕೂರಿಸಿ, ಮಕ್ಕಳ ಲ್ಯಾಪ್‌ಟಾಪುಗಳನ್ನು ನೋಡಿಸಿದರೆ ಹೇಗೆ? ಎರಡು ಒಳ್ಳೆಯ ಅಡಾಪ್ಟರ್, ಒಂದು ಮಲ್ಟಿಮೀಟರ್, ಒಂದು ಟಾರ್ಚ್ ಇದ್ದರೆ ಅರ್ಧ ಸಮಸ್ಯೆಗೆ ಉತ್ತರ ಅಲ್ಲೇ ಸಿಗುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಇನ್ನೂ ಒಂದಿದೆ. ಮೇಷ್ಟ್ರು ಹೇಳಿದರೆಂದು ಎಲ್ಲವನ್ನೂ ಒಪ್ಪಬೇಡಿ. "ಹೇಗೆ ಗೊತ್ತಾಯಿತು ಸರ್?" ಎಂದು ವಿನಯದಿಂದಲೇ ಕೇಳಿ. ಅಂದು ಆ ಹುಡುಗಿ ಹಾಗೆ ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ, ಅವಳ ಎಂಟು ತಿಂಗಳು ಉಳಿಯುತ್ತಿತ್ತು. ಅವಳು ಪದವಿ ಮುಗಿಸಿದ್ದಾಳೆ. ಅವಳ ಲ್ಯಾಪ್‌ಟಾಪ್ ಈಗ ತಮ್ಮನ ಕೈಯಲ್ಲಿದೆ, ಹೊಸ ಬ್ಯಾಟರಿ ಹಾಕಿಸಿದ್ದಾರೆ. ಕಳೆದ ಸಲ ಅವರ ಮನೆಗೆ ಹೋದಾಗ ಆ ಹುಡುಗ ಚಾರ್ಜರನ್ನು ನೇರವಾಗಿ ಹಿಡಿದು, ಮೆಲ್ಲಗೆ ಚುಚ್ಚುತ್ತಿದ್ದ. ಅಕ್ಕ ಹೇಳಿಕೊಟ್ಟದ್ದಂತೆ.